ಹುಸೇನಬಿಗೆ ಬಿಟ್ಟ ಜಾಗ

ಆ ದಿನ ಬೆಳಿಗ್ಗೆ ಎಲ್ಲ ಎಂದಿನಂತೆಯೇ ಇತ್ತು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಕಾಯಿಸಿದೆ, ಮನೆಯವರ ಡಬ್ಬಿಗೆಂದು ರೊಟ್ಟಿ ಬಡಿಯುತ್ತ ಕುಳಿತೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವಾಗ ಫೋನು ಬಂತು. ಹಿಟ್ಟಿನ ಕೈ ಒರೆಸಿಕೊಂಡು ಎತ್ತುವಷ್ಟರಲ್ಲಿ ರೊಟ್ಟಿಯ ಒಂದು ಅಂಚು ಸುಟ್ಟಿತು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಆ ದಿನ ನನಗೆ ಜ್ವರವಿರಲಿಲ್ಲ, ಉಪವಾಸವಿರಲಿಲ್ಲ, ತಲೆ ನೆಟ್ಟಗಿತ್ತು ಎಂಬುದು ಓದುವವರಿಗೆ ಗೊತ್ತಿರಲಿ ಅಂತ.

ಇಂಥ ಸಂಗತಿಗಳನ್ನು ನಂಬುವವಳಲ್ಲ ನಾನು. ಕಾನ್ವೆಂಟಿನಲ್ಲಿ ಓದಿದವಳು. ಹಾಸ್ಟೆಲಿನಲ್ಲಿ ಯಾರಾದರೂ ದೆವ್ವ ಅಂತ ಹೆದರಿದರೆ ನಮ್ಮ ಸಿಸ್ಟರ್ ಬಯ್ಯುತ್ತಿರಲಿಲ್ಲ, ಕಿಟಕಿ ತೆಗೆದು ನೋಡಿ ಬಾ ಅನ್ನುತ್ತಿದ್ದರು. ಹೊರಗೆ ಬೇವಿನ ಟೊಂಗೆಯೋ, ಯಾರೋ ಒಣಹಾಕಿ ಮರೆತ ಲಂಗವೋ ಇರುತ್ತಿತ್ತು. ಮದುವೆಯಾಗಿ ಶಿರೋಳಕ್ಕೆ ಬಂದ ಮೇಲೆ ಇಲ್ಲಿಯ ಹೆಂಗಸರು ಹೇಳುವ ಕತೆಗಳನ್ನು ನಾನು ನಗುತ್ತಲೇ ಕೇಳುತ್ತಿದ್ದೆ.

ಫೋನು ಮಾಡಿದವಳು ಸವಿತಾ. ವಿಶ್ವವಿದ್ಯಾಲಯದಲ್ಲಿ ಬೀಸುವ ಪದಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಊರಿಂದ ಧ್ವನಿ ಹಿಡಿದುಕೊಂಡು ಹೋಗಿ ಕಪಾಟಿನಲ್ಲಿ ಇಟ್ಟರಷ್ಟೇ ಸಾಲದು, ಊರಿನವರಿಗೇ ಮೊದಲು ಕೇಳಿಸಬೇಕು ಎಂದು ಅವರ ವಿಭಾಗದವರು ನಿಶ್ಚಯಿಸಿದ್ದರು. ಅಂದು ಮಧ್ಯಾಹ್ನ ನಮ್ಮೂರ ಸಮುದಾಯ ಭವನದಲ್ಲಿ ಆ ಕಾರ್ಯಕ್ರಮ. ಕೇಳಿಸುವ ಪದಗಳಲ್ಲಿ ನಮ್ಮ ಅತ್ತೆಯ ಪದವೂ ಇತ್ತು. ಕೇಳಲು ಅತ್ತೆ ಇರಲಿಲ್ಲ. ಧ್ವನಿ ಹಿಡಿದ ವರ್ಷವೇ ತೀರಿಕೊಂಡಿದ್ದರು.

ಬೀಸುಕಲ್ಲಿಗೆ ಇಬ್ಬರು ಎದುರುಬದುರು ಕೂಡುತ್ತಾರೆ, ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಒಬ್ಬಳು ಸಾಲು ಎತ್ತಿಕೊಟ್ಟರೆ ಎದುರಿನವಳು ಅದನ್ನು ಹಿಡಿದು ಮುಗಿಸುತ್ತಾಳೆ. ಅತ್ತೆಗೆ ಎದುರು ಕೂಡುತ್ತಿದ್ದವಳು ಪಕ್ಕದ ಮನೆಯ ಹುಸೇನಬಿ, ಬಳೆಗಾರರ ಮನೆಯಾಕೆ. ಗಿರಣಿ ಬಂದ ಮೇಲೂ ಪಂಚಮಿಯ ತಂಬಿಟ್ಟಿಗೆ ಮಾತ್ರ ಇಬ್ಬರೂ ಕಲ್ಲಿಗೇ ಕೂಡುತ್ತಿದ್ದರು. ನಾನು ಅಡುಗೆಮನೆಯಲ್ಲಿದ್ದೇ ಕೇಳುತ್ತಿದ್ದೆ. ಹುಸೇನಬಿ ತೀರಿಹೋದ ಮೇಲೆ ಅತ್ತೆ ಕಲ್ಲನ್ನು ಹಿತ್ತಲ ಗೋಡೆಗೆ ಒರಗಿಸಿದರು. ಸವಿತಾ ಮೂರ್ನಾಲ್ಕು ಸಲ ಬಂದರೂ ಹಾಡಲಿಲ್ಲ. ಕೊನೆಗೊಂದು ದಿನ ತಾವಾಗಿಯೇ ಕಲ್ಲು ತೊಳೆಸಿದರು. ನಾನು ಎದುರು ಕೂಡಲೇ ಎಂದು ಕೇಳಿದೆ.

“ನೀ ಬ್ಯಾಡ ತಂಗಿ. ಆಕಿ ಜಾಗಾ ಆಕಿಗಿರ್ಲಿ. ನಾ ಬಿಟ್ಟ ಬಿಟ್ಟ ಹಾಡತೀನಿ” ಅಂದರು. ಆಮೇಲೆ ಸವಿತಾಳ ಕಡೆ ತಿರುಗಿ, “ನಡುವಿಂದು ಆಕೀದವ್ವ. ಅದನ್ನ ಕಳೀಬ್ಯಾಡ್ರಿ ಮತ್ತ” ಅಂದರು.

ಹಾಗೇ ಹಾಡಿದರು. ಗೂಟದ ತುದಿಯನ್ನು ಖಾಲಿ ಬಿಟ್ಟು ಕೆಳಗೆ ಹಿಡಿದಿದ್ದರು. ಒಂದು ಸಾಲು ತಾವು ಹಾಡುವುದು, ಇನ್ನೊಂದು ಸಾಲಿನಷ್ಟು ಹೊತ್ತು ಸುಮ್ಮನೆ ಕಲ್ಲು ತಿರುಗಿಸುವುದು. ಒಂದೇ ಕೈಯಾದ್ದರಿಂದ ಕಲ್ಲು ಆಚೆ ಬದಿಗೆ ಹೋದಾಗಲೆಲ್ಲ ತಡೆದು, ಎಳೆದುಕೊಂಡಂತೆ ಬರುತ್ತಿತ್ತು. ಆ ಸದ್ದು ನನಗೆ ಚೆನ್ನಾಗಿ ನೆನಪಿದೆ. ಕಡೆಯ ದಿನಗಳಲ್ಲಿ ಅತ್ತೆ ಕೇಳಿದ್ದೂ ಅದನ್ನೇ, ಆ ಹುಡುಗಿ ನಡುವಿನದನ್ನು ಇಟ್ಟಿದ್ದಾಳೋ ಇಲ್ಲವೋ ಅಂತ. “ಇಟ್ಟಾಳ್ರಿ ಅತ್ತಿ, ನಾ ನೋಡ್ಕೊತೀನಿ” ಎಂದು ಕೈ ಹಿಡಿದು ಮಾತು ಕೊಟ್ಟಿದ್ದೆ.

ಅಂದು ಬೆಳಿಗ್ಗೆ ಫೋನಿನಲ್ಲಿ ಸವಿತಾಳ ದನಿ ಸಣ್ಣದಾಗಿತ್ತು. “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಜನರ ಮುಂದ ಹಾಕೂದು ಚೊಕ್ಕ ಇರ್ಲಿ ಅಂತ ನಮ್ಮ ರೆಕಾರ್ಡಿಂಗ್ ಕೋಣ್ಯಾಗಿನವರು ನಡುವಿಂದೆಲ್ಲಾ ಕತ್ತರಿಸಿಬಿಟ್ಟಾರ. ಅಜ್ಜಿ ಸಾಲು ಮರತು ನಿಂತಾರಂತ ತಿಳದ್ರು ಅವರು. ನಾನೂ ನಿನ್ನೆ ರಾತ್ರೀನ ಕೇಳಿದ್ದು.” ಮೂಲದ್ದು ವಿಶ್ವವಿದ್ಯಾಲಯದಲ್ಲಿ ಭದ್ರವಾಗಿದೆ, ಆದರೆ ಇವತ್ತಿಗೆ ತರಿಸಲು ಆಗುವುದಿಲ್ಲ ಅಂದಳು. ಸುಟ್ಟ ರೊಟ್ಟಿಯನ್ನು ತಟ್ಟೆಗೆ ಹಾಕಿ ಒಲೆ ಆರಿಸಿದೆ. ಊರಿನವರೆಲ್ಲ ಕೂಡಿ ಅವರಿಬ್ಬರ ಪದ ಕೇಳುವುದು ಅದೊಂದೇ ದಿನ, ಆ ದಿನವೇ ಹುಸೇನಬಿಯ ಜಾಗ ಇಲ್ಲದಂತಾಯಿತಲ್ಲ.

ಹೋಗಬಾರದು ಅಂದುಕೊಂಡೂ ಹೋದೆ. ಬೇಕಾದರೆ ಎದ್ದು ಬರಬಹುದೆಂದು ಬಾಗಿಲ ಬಳಿ ಕುಳಿತೆ. ಭವನ ತುಂಬಿತ್ತು. ಬೇರೆಯವರ ಎರಡು ಪದ ಮುಗಿದು ಅತ್ತೆಯ ಹೆಸರು ಹೇಳಿದರು. ಮೊದಲು ಅವರ ಸಣ್ಣ ಕೆಮ್ಮು, ಆಮೇಲೆ ಕಲ್ಲು, ಆಮೇಲೆ ದನಿ. ತವರಿನ ಹಾದಿಯ ಪದ ಅದು. ಮೊದಲ ಸಾಲು ಮುಗಿಯುತ್ತಿದ್ದಂತೆ, ಈಗ ಮುಂದಿನದು ಮೈಮೇಲೆ ಬಿದ್ದಂತೆ ಬರುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಬರಲಿಲ್ಲ. ಬರೀ ಕಲ್ಲು ತಿರುಗುತ್ತಿತ್ತು. ಮೇಲಿನ ಫ್ಯಾನಿನ ಕಿರಕಿರ ಕೇಳಿಸಿತು, ಮುಂದೆ ಕುಳಿತ ಕೂಸಿನ ಕಾಲ್ಗಡಗದ ಸದ್ದು ಕೇಳಿಸಿತು. ಒಂದು ಸಾಲು ಹಾಡುವಷ್ಟು ಹೊತ್ತು ಕಳೆದ ಮೇಲೆ ಅತ್ತೆ ಎರಡನೆಯ ಸಾಲು ಎತ್ತಿದರು. ಮತ್ತೆ ಬಿಟ್ಟರು, ಮತ್ತೆ ಎತ್ತಿದರು. ಪಾಪ, ಸವಿತಾ ಹೇಗೋ ಮಾಡಿ ಮೂಲದ್ದನ್ನೇ ತರಿಸಿದಳು ಎಂದು ನನಗೆ ಅಳು ಬಂತು. ಇನ್ನೊಂದು ಮಾತು, ಇದನ್ನು ಆಣೆ ಮಾಡಿ ಹೇಳಲಾರೆ: ಹಿತ್ತಲಲ್ಲಿ ಅಂದು ತಡೆತಡೆದು ಬರುತ್ತಿದ್ದ ಕಲ್ಲು ಇಲ್ಲಿ ಎಲ್ಲೂ ತಡೆಯಲಿಲ್ಲ. ಇಬ್ಬರು ಕೂತು ಬೀಸಿದ ಹಾಗೆ ಒಂದೇ ಸಮನೆ ತಿರುಗಿತು.

ಮುಗಿದ ಮೇಲೆ ಹೊರಗೆ ಹೋದೆ. ಸವಿತಾ ಪಡಸಾಲೆಯಲ್ಲಿ ಬಂದವರಿಗೆ ಉಪ್ಪಿಟ್ಟು ಬಡಿಸುವ ಗಡಿಬಿಡಿಯಲ್ಲಿದ್ದಳು, ಪದ ಕೇಳಲು ಒಳಗೆ ಬಂದೇ ಇರಲಿಲ್ಲ. ಅವಳ ಕೈ ಹಿಡಿದು ಅತ್ತೆಯ ಮಾತು ಉಳಿಸಿದೆ ತಾಯಿ ಅಂದೆ. ಅವಳು ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು.

“ಇಲ್ರಿ ಅಕ್ಕಾರ. ಮುಂಜಾನಿ ಹೇಳಿದ್ನಲ್ಲ, ಅದನ್ನ ಹಾಕೇವಿ. ಬ್ಯಾರೇದು ನಮ್ಮ ಹತ್ರ ಇಲ್ಲೇ ಇಲ್ಲ.”

ನಾನು ನಂಬಲಿಲ್ಲವೆಂದು ಲ್ಯಾಪ್‌ಟಾಪ್ ತಂದು ಇಯರ್‌ಫೋನನ್ನು ನನ್ನ ಕಿವಿಗಿಟ್ಟಳು. ಅತ್ತೆ ಉಸಿರು ಬಿಡದೆ ಸಾಲಿನ ಮೇಲೆ ಸಾಲು ಹಾಡುತ್ತಿದ್ದರು, ಬಸ್ಸಿಗೆ ತಡವಾದವರ ಹಾಗೆ. ನಾನು ಸರಿಯಾಗಿ ಕೂಡುವುದರೊಳಗೆ ಪದವೇ ಮುಗಿದಿತ್ತು.

ದುಃಖದಲ್ಲಿದ್ದೆ, ಬೇಕೆಂದುಕೊಂಡದ್ದನ್ನೇ ಕಿವಿ ಕೇಳಿಸಿಕೊಂಡಿತು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಸಿಸ್ಟರ್ ಹೇಳಿದ ಹಾಗೆ ಕಿಟಕಿ ತೆಗೆದು ನೋಡಿದ್ದೆ, ಅಷ್ಟು ಸಾಕಿತ್ತು. ಸಂಜೆಯ ತನಕ ಅದೇ ಸಮಾಧಾನದಲ್ಲಿದ್ದೆ. ಈಗ ಅದೂ ಇಲ್ಲ. ವರ್ಷಗಳಾದವು, ಕಿಟಕಿ ತೆಗೆದು ನೋಡುತ್ತಲೇ ಇದ್ದೇನೆ, ಹೊರಗೆ ಟೊಂಗೆ ಕಾಣುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗಿರಿಜವ್ವ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಗಜೇಂದ್ರಗಡದ ಕಡೆಯವಳು, ನಮ್ಮ ಓಣಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಮಧ್ಯಾಹ್ನ ಪದ ಕೇಳಲು ಅವಳೂ ಭವನಕ್ಕೆ ಬಂದಿದ್ದಳು. ನಮ್ಮ ಅತ್ತೆಯನ್ನು ನೋಡಿದವಳಲ್ಲ, ಹುಸೇನಬಿಯ ಹೆಸರನ್ನೂ ಕೇಳಿದವಳಲ್ಲ. ವಾಟಗದಲ್ಲಿ ಮಜ್ಜಿಗೆ ಹಾಕಿಸಿಕೊಂಡು ಹೊಸ್ತಿಲು ದಾಟುವಾಗ ಅಂದಳು:

“ನಿಮ್ಮತ್ತಿ ದನಿ ಚಲೋ ಐತಿ ಬಿಡ್ರಿ. ಆದ್ರ ಸಾಲ್ ಸಾಲಿಗೂ ಅಷ್ಟೊತ್ತು ನಿಂತು ಯಾರ ದಾರಿ ನೋಡತಿದ್ರು ಅವರು? ನಾ ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದಿದ್ನಿ.”