ನಿಂತ ಮೇಲೆ ಬಂದದ್ದು

ಸ್ಟವ್ ಮೇಲೆ ಪಾತ್ರೆ ಇಟ್ಟಿದ್ದನ್ನು ಮರೆತು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ನಿಂತರೆ ಏನಾಗಬೇಕೋ ಇವತ್ತು ಬೆಳಿಗ್ಗೆ ಅದೇ ಆಯಿತು. ಒಳಗೆ ಬರುವಷ್ಟರಲ್ಲಿ ನೀರೆಲ್ಲ ಇಂಗಿ, ನನ್ನ ಮುಟ್ಟಿನ ಕಪ್ ಪಾತ್ರೆಯ ತಳಕ್ಕೆ ಕರಕಾಗಿ ಅಂಟಿಕೊಂಡಿತ್ತು. ರಬ್ಬರಿನದೂ ಅಲ್ಲದ, ಪ್ಲಾಸ್ಟಿಕ್ಕಿನದೂ ಅಲ್ಲದ ಒಂದು ಕೆಟ್ಟ ವಾಸನೆ. ಚಾವಣಿಯ ಸ್ಮೋಕ್ ಅಲಾರಂ ಕಿರುಚಿಕೊಳ್ಳುತ್ತಿತ್ತು. ಅದರ ಕೆಳಗೆ ನಿಂತು ನಾನು ಟವೆಲ್ ಬೀಸುತ್ತಿದ್ದಾಗ ಮಂಜು ರೂಮಿನಿಂದ ಬಂದ. ಮಂಜು ನನ್ನ ಗಂಡ. "ಏನು ಸುಟ್ಟೋಯ್ತು?" ಅಂದ. "ನಂದೇ," ಅಂದೆ. ಪಾತ್ರೆಯೊಳಗೆ ಇಣುಕಿ ನೋಡಿದ. ಕಿಟಕಿ ತೆರೆದು ಹೋದ.

ಕಪ್ ಅಂದರೇನು ಎಂದು ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಮುಜುಗರ ಪಟ್ಟುಕೊಳ್ಳಬೇಡಿ. ಸಿಲಿಕೋನಿನ ಮೆತ್ತನೆಯ ಪುಟ್ಟ ಬಟ್ಟಲು ಅದು. ಮುಟ್ಟಾದಾಗ ಮಡಚಿ ಒಳಗಿಟ್ಟುಕೊಂಡರೆ ರಕ್ತ ಅದರಲ್ಲಿ ನಿಲ್ಲುತ್ತದೆ. ತೆಗೆದು ಚೆಲ್ಲಿ, ತೊಳೆದು ಮತ್ತೆ ಇಟ್ಟುಕೊಳ್ಳುವುದು. ಎಲ್ಲ ಮುಗಿದ ಮೇಲೆ ನೀರಿನಲ್ಲಿ ಕುದಿಸಿ ಮುಂದಿನ ತಿಂಗಳಿಗೆ ಎತ್ತಿಡುವುದು. ವರ್ಷಗಟ್ಟಲೆ ಬಾಳುತ್ತದೆ, ನನ್ನಂಥವರ ಕೈಗೆ ಸಿಗದಿದ್ದರೆ.

ನಾನು ಇದಕ್ಕೆ ಬಂದದ್ದು ಸಿಡ್ನಿಯಲ್ಲಿದ್ದಾಗ, ಮದುವೆಗೆ ಮುಂಚೆ. ಅಲ್ಲಿನ ನಾರ್ವೆಸ್ಟ್ ಎಂಬ ಕಡೆ ಕೆಲಸ. ಹಾಸನದ ರೂಪಾ ಎಂಬ ಗೆಳತಿಯ ಜೊತೆ ಒಂದು ಫ್ಲ್ಯಾಟಿನಲ್ಲಿ ವಾಸ. ಪ್ಯಾಡಿನಿಂದ ತೊಡೆಯೆಲ್ಲ ಉರಿದು ನಾನು ಕಾಲು ಅಗಲಿಸಿಕೊಂಡು ನಡೆಯುವುದನ್ನು ನೋಡಲಾರದೆ ರೂಪಾ ಒಂದು ಕಪ್ ತಂದು ಕೈಗಿಟ್ಟಳು. "ಒಂದ್ಸಲ ಟ್ರೈ ಮಾಡೇ. ಆಗಲಿಲ್ಲ ಅಂದ್ರೆ ಬಿಸಾಕು." ಮನೆಯಲ್ಲಿ ಹಾಕಿಕೊಂಡು ಆಫೀಸಿಗೆ ಹೋದೆ. ಮಧ್ಯಾಹ್ನ ತೆಗೆಯಲು ಹೋದರೆ ಕೈಗೆ ಸಿಗುತ್ತಿಲ್ಲ. ಹೊರಗೆ ಮೀಟಿಂಗ್ ಶುರುವಾಗಿದೆ, ನಾನು ಟಾಯ್ಲೆಟ್ಟಿನಲ್ಲಿ ಬೆವರುತ್ತ ರೂಪಾಗೆ ಫೋನ್ ಮಾಡಿ ಪಿಸುಗುಡುತ್ತಿದ್ದೇನೆ. "ಎಲ್ಲಿಗೂ ಹೋಗಲ್ಲ ಕಣೇ, ದಾರಿ ಇರೋದೇ ಅಷ್ಟು. ಉಸಿರು ಬಿಡು, ಕೂತ್ಕೋ, ಮುಕ್ಕು," ಅಂದಳು. ಹಾಗೇ ಬಂತು. ಬಟ್ಟಲಿನಲ್ಲಿದ್ದದ್ದನ್ನು ನೋಡುತ್ತ ಸುಮ್ಮನೆ ಕೂತೆ. ಹೈಸ್ಕೂಲಿನಿಂದ ಪ್ರತಿ ತಿಂಗಳೂ ಬರುತ್ತಿದ್ದ ರಕ್ತವನ್ನು ನಾನು ರಕ್ತದ ಹಾಗೆ ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಅದು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಯಾರೂ ನೋಡದ ಹಾಗೆ ಎಸೆಯುವ ಕಸವಾಗಿತ್ತು.

ಆಮೇಲೆ ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಹಾಗೆ ಕಂಡಕಂಡವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಮದುವೆಯಾಗಿ, ಮಗಳು ಅನು ಹುಟ್ಟಿ, ಮೆಲ್ಬರ್ನಿಗೆ ಬಂದು ಕ್ಲೈಡ್ ನಾರ್ತ್ ಎಂಬ ಬಡಾವಣೆಯಲ್ಲಿ ಮನೆ ಮಾಡಿದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಒಬ್ಬರಿಗೆ ಮಾತ್ರ ಹೇಳುವ ಯೋಚನೆ ಬರಲಿಲ್ಲ. ಅವರು ನನ್ನ ಅತ್ತೆ. ಅವರಿಗೆ ಅದರ ಅಗತ್ಯ ಮುಗಿದು ಎಷ್ಟೋ ವರ್ಷವಾಗಿತ್ತು ಎಂದುಕೊಂಡಿದ್ದೆ.

ಅತ್ತೆ ತುಮಕೂರಿನಲ್ಲಿ ಮಗಳು ಲತಾಳ ಮನೆಯಲ್ಲಿದ್ದರು. ಅನುವನ್ನು ಫೋನಿನಲ್ಲಿ ಬಿಟ್ಟರೆ ನೋಡಿಯೇ ಇರಲಿಲ್ಲ. ಅಂತೂ ವೀಸಾ ಬಂತು, ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಬಂದಿಳಿದರು. ಏರ್‌ಪೋರ್ಟಿನಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ, ಬಗ್ಗಿ ತಲೆ ಮುಟ್ಟಿದರು ಅಷ್ಟೆ. ಕಡು ನೇರಳೆ ಬಣ್ಣದ ಸೀರೆ, ಅದರ ಮೇಲೆ ಮಂಡಿಯವರೆಗೆ ಬರುವ ಸ್ವೆಟರು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಪ್ರಯಾಣದ ಆಯಾಸ ಎಂದುಕೊಂಡೆವು.

ಅವರ ಜೊತೆ ನನಗೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಮುಟ್ಟು ಮೈಲಿಗೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮದುವೆಯಾದ ಹೊಸದರಲ್ಲಿ ತುಮಕೂರಿಗೆ ಹೋಗಿದ್ದಾಗ ನನ್ನನ್ನು ದೇವರ ಕೋಣೆಯ ಕಡೆ ತಲೆ ಹಾಕದ ಹಾಗೆ ನೋಡಿಕೊಂಡಿದ್ದರು. ಇಲ್ಲಿ ನಮ್ಮ ದೇವರಿಗೆ ಕೋಣೆಯೇ ಇಲ್ಲ, ಲಿವಿಂಗ್ ರೂಮಿನ ಮೂಲೆಯ ಒಂದು ಸಣ್ಣ ಮಂಟಪ. ಬಂದ ಮಾರನೆಯ ದಿನವೇ ಅತ್ತೆ, "ನನ್ನ ಮಂಡಿ ಬಗ್ಗಲ್ಲ ಕಣಮ್ಮ, ದೀಪ ನೀನೇ ಹಚ್ಚು," ಅಂದರು. ಸೊಸೆಗೆ ಮನೆ ಬಿಟ್ಟುಕೊಟ್ಟರು ಎಂದು ನಾನು ಒಳಗೊಳಗೇ ಹಿಗ್ಗಿದೆ. ನಾನು ಮುಟ್ಟಾದ ದಿನ, "ಇವತ್ತು ನೀವು ಹಚ್ಚಿ ಅತ್ತೆ," ಅಂದೆ. "ಇರಲಿ ಬಿಡು, ದೇವರು ಏನೂ ಅಂದ್ಕೊಳಲ್ಲ," ಅಂದರು. ದೀಪ ಹಚ್ಚದೆ ಕಾಫಿ ಕುಡಿಯದಿದ್ದ ಹೆಂಗಸು ಅವರು. ವಯಸ್ಸು ಮನುಷ್ಯರನ್ನು ಮೆತ್ತಗೆ ಮಾಡುತ್ತದೆ ಎಂದು ಮಂಜುಗೆ ಹೇಳಿ ನಕ್ಕೆ.

ಆ ತಿಂಗಳೇ ಕಪ್ ಅವರ ಕಣ್ಣಿಗೆ ಬಿತ್ತು. ಅದಕ್ಕೆಂದೇ ಬೇರೆ ಇಟ್ಟುಕೊಂಡಿದ್ದ ಪಾತ್ರೆಯಲ್ಲಿ ಕುದಿಸುತ್ತಿದ್ದೆ. ಪಕ್ಕದಲ್ಲಿ ಬಂದು ನಿಂತರು.

"ಏನಮ್ಮ ಅದು, ಮಗು ಬಾಟ್ಲಿ ನಿಪ್ಪಲ್ಲಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಏನದು, ಯಾಕದು, ಹೇಗದು ಎಂದು ಎಲ್ಲ ಹೇಳಿದೆ. ಅವರು ಟೀ ಲೋಟ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಬೇಲಿಯ ಕಡೆ ಮುಖ ಮಾಡಿ ಕೂತರು. ಆ ಬರ್ನರ್ ಮೇಲೆ ಮತ್ತೆ ಪಾತ್ರೆ ಇಡಲಿಲ್ಲ. ಆಯಿತು, ಇನ್ನು ವಾಪಸು ಹೋಗುವವರೆಗೆ ಇದೇ ಮುಖ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

ಹಾಗಾಗಲಿಲ್ಲ. ಕೆಲವು ದಿನದ ಮೇಲೆ, ಒಂದು ಮಧ್ಯಾಹ್ನ, ಮಂಜು ಆಫೀಸಿನಲ್ಲಿದ್ದ, ಅನು ಮಲಗಿದ್ದಳು. ಹೊರಗೆ ಮೆಲ್ಬರ್ನಿನ ಚಳಿ, ಹನಿ ಮಳೆ. ನಾವಿಬ್ಬರೂ ಒಗೆದ ಬಟ್ಟೆಯ ರಾಶಿ ಹಾಕಿಕೊಂಡು ಮಡಚುತ್ತಿದ್ದೆವು. ಅನುವಿನ ಪುಟ್ಟ ಪ್ಯಾಂಟೊಂದನ್ನು ತೊಡೆಯ ಮೇಲೆ ಸವರುತ್ತ ಅತ್ತೆ ಕೇಳಿದರು:

"ಆ ಬಟ್ಟಲು ಹೇಳಿದ್ಯಲ್ಲ. ವಯಸ್ಸಾದೋರಿಗೂ ಆಗುತ್ತಾ ಅದು?"

"ವಯಸ್ಸಾದೋರಿಗೆ ಯಾಕೆ ಅತ್ತೆ? ನಿಂತೋದ್ಮೇಲೆ ಏನಕ್ಕೆ ಬೇಕು?"

ಪ್ಯಾಂಟನ್ನು ಮಡಚಿ ಪಕ್ಕಕ್ಕಿಟ್ಟರು. ಇನ್ನೊಂದು ತೆಗೆದುಕೊಂಡರು.

"ನಿಂತಿತ್ತು ಕಣಮ್ಮ. ನಿಂತು ಹತ್ತು ಹನ್ನೆರಡು ವರ್ಷ ಆಗಿತ್ತು. ಮತ್ತೆ ಬಂತು."

"ಯಾವಾಗ?"

"ಹೋದ ಯುಗಾದಿ ಹೊತ್ತಿಗೆ ಶುರುವಾಯ್ತು."

ಈ ಯುಗಾದಿಯಲ್ಲ, ಅದರ ಹಿಂದಿನದು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಒಂದು ವರ್ಷಕ್ಕೂ ಮೇಲಾಗಿತ್ತು. ಮೊದಮೊದಲು ಕಲೆಯ ಹಾಗೆ, ಆಮೇಲೆ ದಿನವೂ. ಹಳೆಯ ಸೀರೆ ಹರಿದು ಬಟ್ಟೆ ಮಾಡಿಕೊಂಡಿದ್ದರು. ಇಲ್ಲಿ ನಾವೆಲ್ಲ ಹೊರಗೆ ಹೋದಾಗ ಲಾಂಡ್ರಿಯಲ್ಲಿ ಒಗೆದು ಗರಾಜಿನ ಹಿಂದುಗಡೆ ಹಗ್ಗ ಕಟ್ಟಿ ಒಣಹಾಕುತ್ತಿದ್ದರಂತೆ. "ಈ ಚಳೀಲಿ ಒಣಗಲ್ವಲ್ಲಮ್ಮ. ಒದ್ದೇದೇ ಇಟ್ಕೊಳದು. ಹುಣ್ಣಾಗಿದೆ," ಅಂದರು. ಬರುವಾಗ ವಿಮಾನದಲ್ಲಿ ಸೀಟಿನಿಂದ ಎದ್ದರೆ ಕಂಡೀತೆಂದು ಎದ್ದೇ ಇರಲಿಲ್ಲ, ನೀರೂ ಕುಡಿದಿರಲಿಲ್ಲ. ಹೋಗುವಾಗ ಆ ಪಾಡು ಬೇಡ ಎಂದು ನನ್ನ ಬಟ್ಟಲಿನ ನೆನಪಾಯಿತಂತೆ.

"ಯಾರಿಗಾದ್ರೂ ಹೇಳಿದ್ರಾ ಅತ್ತೆ? ಲತಾಗೆ?"

"ಹೇಳಿದ್ರೆ ಡಾಕ್ಟ್ರು, ಟೆಸ್ಟು ಅನ್ನೋರು. ವೀಸಾ ಬಂದಿತ್ತು. ಹೇಳಿದ್ರೆ ನೀವು ಬಾ ಅಂತಿದ್ರಾ?"

ಅಂತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೀಪ ಯಾಕೆ ಹಚ್ಚುತ್ತಿರಲಿಲ್ಲ ಎಂದೂ ಆಗಲೇ ತಿಳಿಯಿತು. ಒಂದು ವರ್ಷದಿಂದ ಆಕೆ ತನ್ನ ದೇವರಿಂದ ದೂರ ನಿಂತಿದ್ದರು, ಪ್ರತಿದಿನ, ಯಾರಿಗೂ ಹೇಳದೆ.

ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಹೆಂಗಸು, ಅವಸರ ಮಾಡಲಿಲ್ಲ. ರಕ್ತ ಎಲ್ಲಿಂದ ಬರುತ್ತಿದೆ, ಮೂತ್ರದ ಜಾಗದಿಂದಲೋ ಯೋನಿಯಿಂದಲೋ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕು. ಈಗ ಬರೆದ ಯೋನಿ ಎಂಬ ಪದವನ್ನು ಬಾಯಲ್ಲಿ ಆಡಿದ್ದೇ ಇಲ್ಲ, ಹೈಸ್ಕೂಲಿನಲ್ಲಿ ಮೇಷ್ಟ್ರು ಆ ಪುಟವನ್ನೇ ಮಗುಚಿ ಮುಂದೆ ಹೋಗಿದ್ದರು. ಇನ್ನೊಂದು ಪದ ಬಸ್‌ಸ್ಟ್ಯಾಂಡಿನ ಜಗಳಗಳಲ್ಲಿ ಕೇಳಿದ್ದು, ಅತ್ತೆಯ ಮುಂದೆ ಹೇಗೆ ಹೇಳಲಿ? ಉಪದೇಶ ಮಾಡಿಕೊಂಡು ತಿರುಗಿದವಳಿಗೆ ಸ್ವಂತ ಭಾಷೆಯಲ್ಲಿ ಒಂದು ಪದವಿರಲಿಲ್ಲ. "ಅಲ್ಲಿಂದಲಾ ಅತ್ತೆ, ಅಥವಾ ಅಲ್ಲಿಂದಲಾ?" ಅಂದೆ. ಅತ್ತೆ ನನ್ನ ಮುಖ ನೋಡಿದರು. "ಹೆರೋ ಜಾಗ," ಅಂದರು. ಎಷ್ಟು ಸರಳವಾಗಿತ್ತು.

ಪರೀಕ್ಷೆ ಮಾಡುವಾಗ ನನ್ನ ಕೈ ಹಿಡಿದುಕೊಂಡಿದ್ದರು. ಮದುವೆಯ ದಿನ ಬಿಟ್ಟರೆ ಅವರು ನನ್ನ ಕೈ ಹಿಡಿದದ್ದು ಅವತ್ತೇ. ಕಪ್ ಆಗಲಿ ಇನ್ನೊಂದಾಗಲಿ ಒಳಗೆ ಏನೂ ಇಡಬಾರದು ಎಂದರು ಡಾಕ್ಟರು. ದಾರಿಯಲ್ಲಿ ಅಂಗಡಿಗೆ ಹೋಗಿ, ವಯಸ್ಸಾದವರು ಹಾಕಿಕೊಳ್ಳುವ, ಹೀರಿಕೊಳ್ಳುವ ಒಳಚಡ್ಡಿಗಳನ್ನು ತಂದೆವು. ಮನೆಗೆ ಬಂದು ಹಾಕಿಕೊಂಡು ಸೋಫಾದ ಮೇಲೆ ಕೂತವರು ಹಾಗೇ ನಿದ್ದೆ ಹೋದರು. ಬಂದಾಗಿನಿಂದ ಸೋಫಾದ ಮೇಲೆ ಕೂತೇ ಇರಲಿಲ್ಲ, ಪ್ಲಾಸ್ಟಿಕ್ ಕುರ್ಚಿಯೇ ಆಗಬೇಕಿತ್ತು. ಅದಕ್ಕೂ ಕಾರಣ ಈಗ ಗೊತ್ತಾಯಿತು. ಅನು ಎದ್ದು ಬಂದು, "ಅಜ್ಜಿ ಈಸ್ ಸ್ನೋರಿಂಗ್," ಎಂದು ನಕ್ಕಳು.

ಸಂಜೆ ಮಂಜುಗೆ ಹೇಳಿದೆ. ಅವನು ಶೂ ಬಿಚ್ಚುತ್ತಿದ್ದವನು ಬಿಚ್ಚುತ್ತಲೇ ಇದ್ದ. "ಲೇಡೀಸ್ ಪ್ರಾಬ್ಲಮ್ ಅಲ್ವಾ? ನೀನೇ ನೋಡ್ಕೋ ಪ್ಲೀಸ್," ಅಂದ. ಕೆಟ್ಟವನಲ್ಲ. ಅಮ್ಮನಿಗೆ ಎದೆನೋವು ಎಂದಿದ್ದರೆ ಕಾರಿನ ಕೀ ಹುಡುಕುತ್ತಿದ್ದ. ಮುಂದಿನ ವಾರಗಳಲ್ಲಿ ಸ್ಕ್ಯಾನಿಂಗ್ ಆಯಿತು, ಒಳಗಿನಿಂದ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು, ದೊಡ್ಡ ಡಾಕ್ಟರ ಬಳಿ ಮೂವರೂ ಕೂತು ಕೇಳಿಸಿಕೊಂಡೆವು. ಗರ್ಭಕೋಶದ ಕ್ಯಾನ್ಸರ್. ಶುರುವಿನಲ್ಲಿ ಬಂದಿದ್ದರೆ ತೆಗೆದುಹಾಕಿ ನೆಮ್ಮದಿಯಾಗಿ ಕಳಿಸಬಹುದಾದ ಕಾಯಿಲೆ, ಈಗ ಹೊಟ್ಟೆಯ ಬೇರೆ ಕಡೆಗೂ ಹೋಗಿದೆ ಎಂದರು. ಅಲ್ಲಿ ಕೂತಿದ್ದಾಗಲೂ ಮಂಜು ಡಾಕ್ಟರಿಗೆ ಒಂದು ಪ್ರಶ್ನೆ ಕೇಳಲಿಲ್ಲ. ಗೋಡೆಯ ಮೇಲಿದ್ದ ಗರ್ಭಕೋಶದ ಚಿತ್ರದಿಂದ ಕಣ್ಣು ತಪ್ಪಿಸಿ ಕಾರ್ಪೆಟ್ ನೋಡುತ್ತಿದ್ದ.

ಇಲ್ಲೇ ಆಪರೇಷನ್ ಮಾಡಿಸೋಣ ಎಂದೆವು. ಅತ್ತೆ ಒಪ್ಪಲಿಲ್ಲ. "ನೋಡೋಕೆ ಬಂದಿದ್ದೆ, ನೋಡಿದೆ. ಇನ್ನು ಮಗಳ ಹತ್ರ ಕಳಿಸ್ಬಿಡಿ." ಹೊರಡುವ ದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಮಂಟಪದ ಹತ್ತಿರ ಬಂದರು. ಸ್ವಲ್ಪ ದೂರದಲ್ಲೇ ನಿಂತರು. "ಹಚ್ಚಿ ಅತ್ತೆ, ಕಾಯಿಲೆ ಅದು, ಮುಟ್ಟಲ್ಲ," ಅಂದೆ. ಯೋಚಿಸಿದರು. ಕಡೆಗೆ, "ಬೇಡ ಬಿಡು, ಹೆಂಗಿದ್ರೂ ರಕ್ತ ರಕ್ತಾನೇ," ಎಂದು ಅಲ್ಲಿಂದಲೇ ಕೈ ಮುಗಿದರು.

ಮಂಜು ಜೊತೆಗೆ ಹೋದ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಆಮೇಲೆ ಇಂಜೆಕ್ಷನ್ನುಗಳು, ಕೂದಲು ಹೋಯಿತು. ನಾನು ಅನುವನ್ನು ಕಟ್ಟಿಕೊಂಡು ಇಲ್ಲೇ ಉಳಿದಿದ್ದೆ. ವಿಡಿಯೋ ಕಾಲ್‌ನಲ್ಲಿ ಒಂದು ದಿನ ಲತಾಳನ್ನು ಏನೋ ತರಲು ಹೊರಗೆ ಕಳಿಸಿ, ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು. ಪರದೆಯ ತುಂಬ ಒಣಗಿದ ತುಟಿಗಳು.

"ಲತಾಗೂ ಸರಿಯಿಲ್ಲ ಅನ್ಸುತ್ತೆ ಕಣಮ್ಮ. ಬಟ್ಟೆ ಒಗೆಯೋದು ನೋಡಿದೀನಿ. ನಂಗೆ ಕೇಳೋಕೆ ಬಾಯಿ ಬರಲ್ಲ. ನೀನು ಕೇಳು."

ಸತ್ತುಹೋಗುತ್ತಿರುವ ತಾಯಿ, ಪಕ್ಕದಲ್ಲೇ ಕೂತ ಮಗಳನ್ನು ಕೇಳಲಾರದೆ, ಸಮುದ್ರದಾಚೆಗಿನ ಸೊಸೆಗೆ ಹೇಳಿದರು. ದೀಪಾವಳಿಗೆ ಮುಂಚೆ ಹೋಗಿಬಿಟ್ಟರು. ನಾನು ತಿಥಿಯ ಹೊತ್ತಿಗೆ ತುಮಕೂರು ತಲುಪಿದೆ. ಅಡುಗೆಮನೆಯಲ್ಲಿ ಲತಾಳನ್ನು ಕೇಳಿದೆ. "ಅಯ್ಯೋ, ನಂಗೇನಿಲ್ಲ ಅತ್ತಿಗೆ," ಎಂದು ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಆಮೇಲೆ ಫೋನಿನಲ್ಲಿ ಕೇಳಿದಾಗೆಲ್ಲ ಅದೇ ಉತ್ತರ. ನಾನು ಎಷ್ಟಾದರೂ ಹೊರಗಿನವಳು. ಮಂಜುಗೂ ಹೇಳಿದೆ. "ತಂಗಿಗೆ ನಾನು ಹೆಂಗೆ ಕೇಳ್ಲಿ?" ಅಂದ. ಅವನನ್ನು ಒತ್ತಾಯಿಸಲಿಲ್ಲ. ಒತ್ತಾಯಿಸಿದರೆ ಇನ್ನಷ್ಟು ಮುಚ್ಚಿಕೊಳ್ಳುವವನು.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ನಾನು ಬೆಳಿಗ್ಗೆ ಕರಕಾದ ಪಾತ್ರೆ ಉಜ್ಜುತ್ತಿದ್ದೆ. ಅನು ಟಿವಿ ಮುಂದೆ ಇದ್ದಳು. ಮಂಜು ಡೈನಿಂಗ್ ಟೇಬಲ್ಲಿನಲ್ಲಿ ಕೂತು ಲತಾಗೆ ಫೋನ್ ಮಾಡಿದ. ಭಾನುವಾರ ಮಾಡುತ್ತಾನೆ, ಅದೇನೂ ಹೊಸದಲ್ಲ. ತಿಂಡಿ ಆಯಿತಾ, ಮಕ್ಕಳು ಏನು ಮಾಡುತ್ತಿದ್ದಾರೆ, ಅಲ್ಲಿ ಬಿಸಿಲು ಹೇಗಿದೆ. ಆಮೇಲೆ ಮಾತು ನಿಂತಿತು. ಫೋನ್ ಇಟ್ಟನೇನೋ ಎಂದು ತಿರುಗಿದೆ. ಇಟ್ಟಿರಲಿಲ್ಲ. ನನ್ನ ಕೈಯಲ್ಲಿದ್ದ ಆ ಪಾತ್ರೆಯನ್ನೇ ನೋಡುತ್ತ ಟೇಬಲ್ಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.

"ಲತಾ, ಒಂದು ವಿಷಯ ಕೇಳ್ತೀನಿ. ನಿಂಗೆ ಮುಟ್ಟು ಸರಿಯಾಗಿ ಆಗ್ತಿದೆಯಾ? ಜಾಸ್ತಿ ಏನಾದ್ರೂ ಹೋಗ್ತಿದೆಯಾ?"

ಅವನ ಕಿವಿ ಕೆಂಪಾಗಿತ್ತು, ದನಿ ಕೆಲಸದ ಇಂಟರ್‌ವ್ಯೂನಲ್ಲಿ ಮಾತಾಡುವವರ ಹಾಗೆ ಗಟ್ಟಿಯಾಗಿತ್ತು. ನಾನು ನಲ್ಲಿ ನಿಲ್ಲಿಸಿದೆ. ಎರಡು ಹೆಜ್ಜೆ ಹತ್ತಿರ ಬಂದೆ. ಆ ಕಡೆಯಿಂದ ಸಣ್ಣ ದನಿ, ಸ್ಪೀಕರ್ ಹಾಕಿರದಿದ್ದರೂ ನನಗೂ ಕೇಳಿಸಿತು.

"ತಿಂಗಳಲ್ಲಿ ಹದಿನೈದು ದಿನ ಆಗ್ತಾನೇ ಇರುತ್ತೆ ಅಣ್ಣ. ಅಮ್ಮಂಗೆ ಆದಂಗೇ ಇದೆ. ಭಯ ಆಗುತ್ತೆ, ಅದಕ್ಕೇ ಯಾರಿಗೂ ಹೇಳಿಲ್ಲ."

ಮಂಜು ಕಣ್ಣು ಮುಚ್ಚಿಕೊಂಡ. ತೆರೆದು, ನನ್ನ ಕಡೆ ನೋಡಿ, ಕುರ್ಚಿ ಎಳೆದು ಪಕ್ಕಕ್ಕೆ ಬಾ ಎಂದು ಸನ್ನೆ ಮಾಡಿದ.

"ಯಾವಾಗಿಂದ, ಎಲ್ಲ ಹೇಳು," ಅಂದ. "ಅತ್ತಿಗೇನೂ ಇಲ್ಲೇ ಇದಾಳೆ. ನಾನೂ ಕೇಳಿಸ್ಕೋತೀನಿ."