ಗಿಣ್ಣ ಹಂಚಿದ ಮೇಲೆ

ನಮ್ಮ ತವರಿನಲ್ಲಿ ಎಮ್ಮೆ ಈದರೆ ಗಿಣ್ಣ ಮೊದಲು ಮಠದ ಅಯ್ಯನವರ ಮನೆಗೆ ಹೋಗಬೇಕು, ಆಮೇಲೆ ಓಣಿಗೆ, ಕೊನೆಗೆ ನಮ್ಮ ತಟ್ಟೆಗೆ. ಆ ಸಲವೂ ಹಾಗೆಯೇ ಆಯಿತು. ನಾನು ಹೆರಿಗೆಗೆಂದು ನಿಲಂಗಾದ ಗಂಡನ ಮನೆಯಿಂದ ಯೆಣೆಗೂರ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೆ. ಎಂಟು ತುಂಬುತ್ತಿತ್ತು. ಅವ್ವ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಬೇಯಿಸಿ, ತುಂಡು ಕತ್ತರಿಸಿ, ತಟ್ಟೆಗೆ ಸೆರಗು ಮುಚ್ಚಿಕೊಂಡು ಮನೆಮನೆಗೂ ಕೊಟ್ಟು ಬಂದಳು. ಉಳಿದದ್ದರಲ್ಲಿ ದೊಡ್ಡ ತುಂಡು ನನಗೇ ಬಂತು. ಬಸುರಿಗೆ ಯಾರೂ ಲೆಕ್ಕ ಕೇಳುವುದಿಲ್ಲ.

ಕೆಲವು ದಿನ ಕಳೆದ ಮೇಲೆ ಆ ಎಮ್ಮೆ ಮೇವು ಬಿಟ್ಟಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕೂಗಿದರೆ ಗಂಟಲು ಕಟ್ಟಿದವರ ದನಿ. ನಾನು ಬಕೆಟ್ಟಿನಲ್ಲಿ ನೀರು ಇಟ್ಟೆ. ಬಾಯಾರಿಕೆ ಅದಕ್ಕೆ ಇತ್ತು, ಮೂತಿಯನ್ನು ನೀರಿನವರೆಗೂ ತಂದಿತು. ಆದರೆ ನೀರು ತಾಗುತ್ತಲೇ ಗಂಟಲು ಹಿಂಡಿದಂತಾಗಿ, ತಲೆ ಕೊಡವಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು.

"ಗಂಟಲ್ದಾಗ ಕಣಿಕಿ ಸಿಕ್ಕಂಡದ" ಎಂದು ಅಪ್ಪ ತೀರ್ಮಾನ ಕೊಟ್ಟ. ಜೋಳದ ದಂಟು ಸಿಕ್ಕಿಕೊಂಡರೆ ಕೈ ಹಾಕಿ ತೆಗೆಯುವುದು ನಮ್ಮ ಕಡೆ ಹೊಸದಲ್ಲ. ಅಪ್ಪ ಮಾರು ದೂರ ನಿಂತು ಹೇಳಿಕೊಟ್ಟ, ಅವ್ವ ಮೊಣಕೈವರೆಗೂ ಕೈ ಹಾಕಿದಳು. ಗಂಡಸರ ವೈದ್ಯವೇ ಹಾಗೆ. ನನಗೆ ಸುಮ್ಮನೆ ಕೂತು ಗೊತ್ತಿಲ್ಲ, ಹೊಟ್ಟೆ ಹೊತ್ತುಕೊಂಡೇ ಹೋಗಿ ಮೂಗುದಾರ ಹಿಡಿದೆ. ಬೆಳಿಗ್ಗೆ ಉಳ್ಳಾಗಡ್ಡಿ ಹೆಚ್ಚುವಾಗ ಈಳಿಗೆ ತಾಗಿ ಹೆಬ್ಬೆರಳು ಕೊಯ್ದಿತ್ತು. ಎಮ್ಮೆಯ ಜೊಲ್ಲು ಆ ಹಸಿ ಗಾಯದ ಮೇಲೆಯೇ ಇಳಿಯಿತು. ಸೀರೆಗೆ ಒರೆಸಿಕೊಂಡೆ. ಗಂಟಲಲ್ಲಿ ಏನೂ ಸಿಗಲಿಲ್ಲ. ಹಲ್ಲು ತಾಗಿ ಅವ್ವನ ಕೈ ಮಾತ್ರ ಅಲ್ಲಲ್ಲಿ ತರಚಿತ್ತು.

ಮರುದಿನ ಲೋಹಾರಾದಿಂದ ದನದ ಡಾಕ್ಟರು ಬಂದರು. ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು. ಒಳಗೆ ಕಾಲಿಡಲಿಲ್ಲ.

"ಇದರ ಬಾಯಾಗ ಯಾರ್ ಕೈ ಹಾಕೀರಿ?"

ಏನೋ ಬಹುಮಾನ ಕೊಡುತ್ತಾರೆ ಎಂಬಂತೆ ಅವ್ವ ಮುಂದೆ ಬಂದಳು. ಹುಚ್ಚುನಾಯಿ ಕಡಿದ ರೋಗ ಇದು ಎಂದು ಅವರು ಹೇಳಿದ ಮೇಲೆ ಅಪ್ಪನಿಗೆ ನೆನಪಾಯಿತು. ಎಮ್ಮೆ ಇನ್ನೂ ಗಬ್ಬ ಇದ್ದಾಗ ಹೊಲದಲ್ಲಿ ಒಂದು ನಾಯಿ ಅದರ ಕಾಲಿಗೆ ಬಾಯಿ ಹಾಕಿತ್ತಂತೆ, ಅರಿಶಿಣ ಹಚ್ಚಿ ಬಿಟ್ಟಿದ್ದನಂತೆ. ಮಧ್ಯಾಹ್ನದ ಹೊತ್ತಿಗೆ ಎಮ್ಮೆ ಸತ್ತಿತು.

ಗಿಣ್ಣ ತಿಂದು ಬಾಯಿ ಒರೆಸಿಕೊಂಡಿದ್ದ ಓಣಿಯೆಲ್ಲ ಈಗ ನಮ್ಮ ಅಂಗಳದಲ್ಲಿ. ಬಾಯಿಗೊಂದು ಮಾತು. ನಾಯಿ ಕಡಿದರೆ ಹೊಟ್ಟೆಗೇ ಸೂಜಿ ಹಾಕುತ್ತಾರೆ ಎಂದು ಹಳಬರು ಹೆದರಿಸಿದರು. ಕೊರೊನಾ ಸೂಜಿ ಬಂದಾಗ ತೊಗರಿ ಹೊಲದಲ್ಲಿ ಅಡಗಿ ಕೂತವರೇ ಈಗ ಎಲ್ಲರಿಗಿಂತ ಮೊದಲು ಟಮಟಮ್ ಆಟೊ ಹತ್ತಿದರು. ನಾವೂ ಅದರಲ್ಲೇ ಉಮರಗಾದ ಸರಕಾರಿ ದವಾಖಾನೆಗೆ ಹೋದೆವು.

ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಘಾಬರೂ ನಕಾ" ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಬೇಯಿಸಿದ ಗಿಣ್ಣದಿಂದ ಏನೂ ಆಗುವುದಿಲ್ಲ, ಜೊಲ್ಲು ಗಾಯಕ್ಕೆ ತಾಗಿದವರು ಯಾರು ಎಂದು ಕೇಳಿದರು. ಇಡೀ ಓಣಿ ಕೈ ಎತ್ತಿತು. ಒಬ್ಬೊಬ್ಬರನ್ನೂ ಕೂಡಿಸಿ ವಿಚಾರಿಸಿದ ಮೇಲೆ ನಿಜವಾಗಿ ಸೂಜಿ ಬೇಕಾದವರು ಇಬ್ಬರೇ ಉಳಿದೆವು, ಅವ್ವ ಮತ್ತು ನಾನು. ಬೇಡವೆಂದರೂ ಉಳಿದವರು ನಮಗೂ ಹಾಕಿ ಎಂದು ಬಾಗಿಲಲ್ಲಿ ಜಗಳ ತೆಗೆದಿದ್ದರು. ಬೇಕಾದವಳಾದ ನಾನು ಹೊರಗೆ ಬಂದು ಗಂಡನಿಗೆ ಫೋನು ಹಚ್ಚಿದೆ.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮೂರು ತಿಂಗಳಿಗೇ ಒಂದು ಬಸುರು ಹೋಗಿತ್ತು. ಅದಕ್ಕೆ ಸ್ವಲ್ಪ ದಿನ ಮುಂಚೆ ಬಸುರಿಯರಿಗೆ ಹಾಕುವ ಧನುರ್ವಾಯುವಿನ ಸೂಜಿ ಹಾಕಿಸಿಕೊಂಡಿದ್ದೆ. ಸೂಜಿಗೂ ಇದಕ್ಕೂ ಸಂಬಂಧವಿಲ್ಲ, ಹೀಗೆ ಎಷ್ಟೋ ಜನರಿಗೆ ಆಗುತ್ತದೆ ಎಂದು ಉದಗೀರದ ಡಾಕ್ಟರಮ್ಮ ತಿಳಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಆದರೆ ತಲೆ ಒಪ್ಪಿದ್ದನ್ನು ಹೊಟ್ಟೆ ಒಪ್ಪಿರಲಿಲ್ಲ. ಅತ್ತೆಯಂತೂ ಒಪ್ಪಿದ ಸೋಗನ್ನೂ ಹಾಕಿರಲಿಲ್ಲ.

"ಒಂದ್ ಜರಾ ತಾಳು, ಉದಗೀರಕ್ಕ ಫೋನ್ ಮಾಡಿ ಕೇಳ್ತೀನಿ" ಎಂದ ಗಂಡ. ಅಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡರು.

"ತಂಗಿ, ಆವಾಗೂ ಒಂದ್ ಸೂಜಿನೇ ಆಗಿತ್ತು. ಮರ್ತೇನು? ಬರೇ ಜೊಲ್ಲು ತಾಕ್ಯದ, ಕಡದಿಲ್ಲಲ್ಲ. ಹಡದ ಮ್ಯಾಲ ಹಾಕಿಸ್ಕೊಂಡ್ರ ಆಗಲ್ದೇನು?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಸಿಟ್ಟು ಬಂತು, ಆದರೆ ಆಕೆ ಕೇಳಿದ್ದನ್ನೇ ನನ್ನ ಮನಸ್ಸೂ ಕೇಳುತ್ತಿತ್ತು. ಫೋನು ಇಟ್ಟ ಮರುಕ್ಷಣವೇ ಮೈದುನ ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದ. ಬಸುರಿಯರು ಸೂಜಿ ಹಾಕಿಸಿಕೊಂಡರೆ ಕೂಸು ಕುರುಡಾಗುತ್ತದೆ ಎಂದು ಯಾವನೋ ಗಡ್ಡದವನು ಗ್ಯಾರಂಟಿ ಕೊಟ್ಟು ಹೇಳುತ್ತಿದ್ದ.

ಒಳಗೆ ಹೋಗಿ ಡಾಕ್ಟರಿಗೆ ನೇರವಾಗಿ ಕೇಳಿದೆ, ಕೂಸಿಗೆ ಏನೂ ಆಗುವುದಿಲ್ಲ ಎಂದು ಗ್ಯಾರಂಟಿ ಕೊಡುತ್ತೀರಾ ಎಂದು. ಅವರು ಬೇಸರ ಮಾಡಿಕೊಳ್ಳಲಿಲ್ಲ. ತೋಳು ನೋಯಬಹುದು, ಜ್ವರ ಬರಬಹುದು, ಮೈ ತುರಿಸಬಹುದು, ಅದಕ್ಕೇ ಹಾಕಿದ ಮೇಲೆ ಅರ್ಧ ತಾಸು ಇಲ್ಲೇ ಕೂಡಿಸಿಕೊಳ್ಳುತ್ತೇವೆ ಎಂದರು. ಈ ಸೂಜಿಯನ್ನು ಬಸುರಿಯರಿಗೂ ಹಾಕುತ್ತಾ ಬಂದಿದ್ದೇವೆ, ಇದರಿಂದ ಕೂಸಿಗೆ ತೊಂದರೆಯಾದದ್ದು ಕಂಡುಬಂದಿಲ್ಲ ಎಂದರು. ಆಮೇಲೆ ಮೆಲ್ಲಗೆ ಹೇಳಿದರು: ಹೊಟ್ಟೆಯಲ್ಲಿರುವ ಕೂಸಿಗೆ ಗ್ಯಾರಂಟಿ ಯಾವ ಡಾಕ್ಟರೂ ಕೊಡುವುದಿಲ್ಲ, ಸೂಜಿ ಬಿಟ್ಟರೂ ಕೊಡುವುದಿಲ್ಲ. ಆದರೆ ಈ ರೋಗ ಒಮ್ಮೆ ಶುರುವಾಯಿತೆಂದರೆ ಯಾರ ಹತ್ತಿರವೂ ಔಷಧವಿಲ್ಲ.

ಆ ಮಾತು ನನಗೆ ಹಿಡಿಸಲಿಲ್ಲ. ಹೂಂ, ಏನೂ ಆಗುವುದಿಲ್ಲ ಎಂದು ಬಾಯಿ ತುಂಬ ಒಂದು ಮಾತು ಹೇಳಿದ್ದರೆ ಈಕೆಯ ಗಂಟು ಏನು ಹೋಗುತ್ತಿತ್ತು? ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಗೆ ಬಂದು ಕೂತೆ. ಕೂತಲ್ಲಿ ಕೂಡಲಾಗದೆ ಎದ್ದೆ. ಮತ್ತೆ ಕೂತೆ. ಹೆಬ್ಬೆರಳ ಗಾಯ ನೋಡಿಕೊಂಡೆ, ಹೊಟ್ಟೆ ಮುಟ್ಟಿಕೊಂಡೆ. ಕೂಸು ಒದೆಯಿತು, ಆ ಒದೆಗೆ ಬೇಕು ಎಂಬ ಅರ್ಥ ಹಚ್ಚಿದೆ, ಮರುಗಳಿಗೆಗೆ ಬೇಡ ಎಂಬ ಅರ್ಥ ಹಚ್ಚಿದೆ. ಅತ್ತ ದರಿ, ಇತ್ತ ಪುಲಿ.

ಕುಪ್ಪಸದ ತೋಳು ಮೇಲೆ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ ಅವ್ವ, ನರ್ಸು ಕರೆಯುತ್ತಿದ್ದರೂ ಒಳಗೆ ಹೋಗದೆ ಬಂದು ನನ್ನ ಪಕ್ಕ ಕೂತಳು.

"ಹೋಗವ್ವ, ಕರೀಲತ್ತಾರ" ಎಂದೆ.

"ನೀ ಹಾಕಿಸ್ಕೊಳ್ಳಲ್ದ ನಾ ಹಾಕಿಸ್ಕೊಳ್ಳಲ್ಲ."

ನನಗೆ ರೇಗಿತು. "ನಿನಗೇನ್ ಹೊಟ್ಟ್ಯಾಗ ಕೂಸದಾ? ನನಗ ನನ್ನ ಕೂಸಿನ ಚಿಂತಿ ಅದ."

"ನನಗೂ ನನ್ನ ಕೂಸಿನ ಚಿಂತಿನೇ ಅದ" ಎಂದು ಅವ್ವ ನನ್ನ ಕಡೆ ನೋಡದೆಯೇ ಹೇಳಿದಳು. ತರಚಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೇಟಿನ ಕಡೆ ನೋಡುತ್ತ ಕೂತಳು. ಹಟಕ್ಕೆ ಬಿದ್ದರೆ ಅವ್ವ ಸಂಜೆತನಕವೂ ಹಾಗೆಯೇ ಕೂತಿರುತ್ತಾಳೆ, ಅದು ನನಗೆ ಗೊತ್ತು. ಎದ್ದು ಒಳಗೆ ಹೋದೆ.

ತೋಳಿಗೆ ಸೂಜಿ ಬಿತ್ತು, ಹೆಬ್ಬೆರಳ ಗಾಯದ ಸುತ್ತ ಇನ್ನೊಂದು ಬಿತ್ತು. ಈ ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಅವ್ವನಿಗೂ ಹಾಕಿ, ಇಬ್ಬರೂ ಇನ್ನೂ ಮೂರು ಸಲ ಬರಬೇಕು, ಕೊನೆಯದು ನಾಲ್ಕು ವಾರಕ್ಕೆ ಎಂದು ಚೀಟಿ ಬರೆದುಕೊಟ್ಟರು. ಅಷ್ಟರಲ್ಲಿ ಫೋನು ಬಂತು. "ಉದಗೀರದವರು ಹಾಕಿಸ್ಕೋ ಅಂದಾರ, ತಡಾ ಮಾಡಬ್ಯಾಡ" ಎಂದ ಗಂಡ. ಆಗಲೇ ಆಯಿತು ಎಂದು ನಾನು ಹೇಳಲಿಲ್ಲ. ಅವನಿಗೂ ಒಂದು ತೀರ್ಮಾನ ತೆಗೆದುಕೊಂಡ ಸಮಾಧಾನ ಇರಲಿ ಎಂದುಕೊಂಡೆ.

ಸೂಜಿ ಹಾಕಿಸಿಕೊಂಡರೆ ಚಿಂತೆ ಮುಗಿಯುತ್ತದೆ ಎಂದುಕೊಂಡಿದ್ದು ನನ್ನ ದಡ್ಡತನ. ಚಿಂತೆ ಎರಡಾಯಿತು. ನೀರು ಕುಡಿಯುವಾಗ ಗಂಟಲು ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು ಒಂದು, ಹೊಟ್ಟೆ ಮುಟ್ಟಿ ಕೂಸು ಹೊರಳುತ್ತಿದೆಯೇ ಎಂದು ನೋಡಿಕೊಳ್ಳುವುದು ಇನ್ನೊಂದು. ಅತ್ತೆಯ ಫೋನು ದಿನಾ ಬರುತ್ತಿತ್ತು, "ಒದೀಲತ್ತದೇನು?" ಎಂಬುದೊಂದೇ ಪ್ರಶ್ನೆ. ಒಂದು ಮಧ್ಯಾಹ್ನ ಕೂಸು ಅಲುಗಾಡಲೇ ಇಲ್ಲ. ಎಡಮಗ್ಗುಲಾಗಿ ಮಲಗಿದೆ, ಬೆಲ್ಲದ ನೀರು ಕುಡಿದೆ, ದೇವರ ಮುಂದಿನ ವಿಭೂತಿ ತಂದು ಹೊಟ್ಟೆಗೆ ಹಚ್ಚಿಕೊಂಡೆ. ಆ ಗಡ್ಡದವನ ವಿಡಿಯೊವನ್ನು ಮತ್ತೆ ತೆಗೆದು ನೋಡಿದೆ, ನಾಚಿಕೆಯಿಲ್ಲದೆ. ದವಾಖಾನೆಗೆ ಹೊರಟು ಚಪ್ಪಲಿ ಮೆಟ್ಟುವ ಹೊತ್ತಿಗೆ ಕೂಸು ಪಕ್ಕೆಗೆ ಜಾಡಿಸಿ ಒದೆಯಿತು. ಹೊಸ್ತಿಲ ಮೇಲೆಯೇ ಕೂತು ಅತ್ತುಬಿಟ್ಟೆ.

ನನಗೆ ತೋಳು ನೋವು ಬಿಟ್ಟರೆ ಏನೂ ಆಗಲಿಲ್ಲ. ಅವ್ವನಿಗೆ ಮಾತ್ರ ಮೂರನೆಯ ಸೂಜಿಗೆ ಜ್ವರ ಬಂತು. ಒಂದಿಡೀ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅವ್ವ ಹಗಲು ಮಲಗಿದ್ದನ್ನು ನಾನು ನೋಡಿದ್ದೇ ಅಂದು. ನಾನು ಹೊಟ್ಟೆ ಹೊತ್ತು ರೊಟ್ಟಿ ಬಡಿಯುತ್ತಿದ್ದೆ, ಆಕೆ ಹೊದ್ದುಕೊಂಡು ನನ್ನನ್ನೇ ನೋಡುತ್ತಿದ್ದಳು. "ಮಾರನಿ ದಿನ ಎದ್ದೆ ಛಲೋ ಆತು. ನಿನಗ ಅವತ್ತೇ ಬ್ಯಾನಿ ಬಂದಿದ್ರ ಏನ್ ಗತಿ ಇತ್ತು?" ಎಂದು ಆಮೇಲೆ ಎಷ್ಟೋ ಸಲ ಅಂದಳು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಯ ಸೂಜಿಯ ಹಿಂದಿನ ದಿನವೇ ಬೇನೆ ಬಂತು. ಅದೇ ಉಮರಗಾದ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ನಿಲಂಗಾದಿಂದ ಓಡಿ ಬಂದ ಅತ್ತೆ ಕೂಸಿನ ಅರಿವೆ ಬಿಚ್ಚಿ, ಬೆರಳು, ಕಿವಿ, ಬೆನ್ನು ಎಲ್ಲ ನೋಡಿದರು. ಕಣ್ಣಿನ ಮುಂದೆ ಬಳೆ ಅಲ್ಲಾಡಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ನಾನೂ ಆಕೆಯ ಹಾಗೆಯೇ ಹುಡುಕುತ್ತಿದ್ದೆ, ಆಕೆಗಿಂತ ಮೊದಲೇ. ಕೂಸು ಬಳೆಯ ಕಡೆ ಕಣ್ಣು ಹೊರಳಿಸಿದಾಗ ಅತ್ತೆ ನನ್ನ ತಲೆ ನೇವರಿಸಿದರು. ಮರುದಿನ ನನ್ನ ಕೊನೆಯ ಸೂಜಿಯನ್ನು ಮಂಚದ ಹತ್ತಿರವೇ ಬಂದು ಹಾಕಿದರು. "ಅವ್ವಾ, ನಿಂದು?" ಎಂದು ಕೇಳಿದೆ.

"ಆತು, ಆತು. ನೀ ಮಲಕೋ."

ಮನೆಗೆ ಬಂದೆವು, ಅತ್ತೆಯೂ ಜೊತೆಗೆ ಬಂದು ಉಳಿದರು. ಕಿವಿಗೆ ಅರಿವೆ ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಬಾಣಂತಿ ಕೋಣೆಯಲ್ಲಿ ನನ್ನನ್ನು ಕೂಡಿ ಹಾಕಿದರು. ತೊಟ್ಟಿಲ ಕಾರ್ಯ ಆಗುವವರೆಗೆ ಹೊಸ್ತಿಲು ದಾಟುವ ಹಾಗಿಲ್ಲ. ಅವ್ವ ದಿನಾ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಹಾಕುತ್ತಿದ್ದಳು. ಕೂಸು ನೋಡಲು ಬಂದ ಆಶಾ ಕಾರ್ಯಕರ್ತೆ ಅದನ್ನು ತೂಗಿ, ನನ್ನನ್ನು ವಿಚಾರಿಸಿ, ಹೋಗುವಾಗ ಅವ್ವನಿಗೆ ಮರಾಠಿಯಲ್ಲಿ ಸಹಜವಾಗಿ ಕೇಳಿದಳು, "ಮಾವಶಿ, ನಿಮ್ಮ ಕೊನೆಯ ಸೂಜಿ ಉಳಿದೇಬಿಟ್ಟಿತಲ್ಲ, ಯಾವಾಗ ಬರುತ್ತೀರಿ?"

ಅವ್ವ ಕೂಸಿನ ಕುಂಚಿಗೆ ಸರಿಮಾಡತೊಡಗಿದಳು.

ಹೆರಿಗೆ ಕೋಣೆಯಿಂದ ಸೂಜಿ ಹಾಕುವ ಕೋಣೆಗೆ ಒಂದು ಅಂಗಳ ದಾಟಿದರೆ ಸಾಕಿತ್ತು. ದಾಟಿರಲಿಲ್ಲ. ಕೂಗಾಡಿದೆ, ಬಾಣಂತಿ ಕೂಗಬಾರದು ಎನ್ನುವವರ ಮೇಲೂ ಕೂಗಾಡಿದೆ. ಸುಳ್ಳಿ, ಮಳ್ಳಿ, ಬಾಯಿಗೆ ಬಂದದ್ದೆಲ್ಲ ಅಂದೆ.

"ಮತ್ತ ಜ್ವರಾ ಬಂದಿದ್ರ?" ಎಂದಳು ಅವ್ವ. "ನಿನಗ ನೀರ್ ಹಾಕಾವ್ರು ಯಾರು? ಕೂಸಿನ ಹಿಡಿಯಾವ್ರು ಯಾರು? ಮೂರ್ ಆಗ್ಯಾವ, ಸಾಕು ಅಂದ್ಕೊಂಡೆ."

ಸೂಜಿಯಿಂದ ಏನಾದೀತು ಎಂದು ನಾನು ಹೊಟ್ಟೆ ಹಿಡಿದುಕೊಂಡು ತೂಗಿ ನೋಡಿದ್ದೆ. ಅವ್ವನೂ ತೂಗಿ ನೋಡಿದ್ದಳು. ಆಕೆಯ ತಕ್ಕಡಿಯಲ್ಲಿ ಆಕೆ ಇರಲೇ ಇಲ್ಲ. ಎದ್ದು ಸೀರೆ ಸರಿಮಾಡಿಕೊಂಡೆ. ಅಪ್ಪ ಬಾಗಿಲಿಗೆ ಬಂದು, ಬಾಣಂತಿ ಹೊರಗೆ ಕಾಲಿಟ್ಟರೆ ಸನ್ನಿ ಹಿಡಿಯುತ್ತದೆ, ನಾನೇ ನಾಳೆ ಕರೆದುಕೊಂಡು ಹೋಗುತ್ತೇನೆ ಎಂದ. ಅವ್ವ ನಾಳೆ ಇನ್ನೊಂದು ನೆವ ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು.

"ಈಕಿಗಿ ಅಜ್ಜಿ ಬೇಕು, ನನಗ ಅವ್ವ ಬೇಕು. ಏಳು" ಎಂದೆ.

ಆಗ ಅತ್ತೆ ಕೂಸನ್ನು ಮಡಿಲಿಗೆ ಎತ್ತಿಕೊಂಡರು. "ಹೋಗಿ ಬರ್ರಿ, ಬೀಗತಿ. ಜ್ವರಾ ಬಂದ್ರ ನಾ ಅದೀನಿ. ನಾನೂ ಇಬ್ಬರನ್ ಹಡದೀನಲ್ಲ, ನೀರ್ ಹಾಕ್ಲಿಕ್ಕ ಬರ್ತದ" ಎಂದರು. ಹೊಸ್ತಿಲು ದಾಟಿದೆ. ಟಮಟಮ್ಮಿನಲ್ಲಿ ಉಮರಗಾದವರೆಗೂ ಅವ್ವನ ಮೊಣಕೈ ಬಿಡಲಿಲ್ಲ. ಡಾಕ್ಟರು ಬೈದರು. ತಡವಾದರೂ ಬಂದಿರಲ್ಲ ಎಂದು ಸೂಜಿ ಹಾಕಿದರು.

ಅವ್ವ ಹೆದರಿದ್ದ ಜ್ವರ ಬಂದೇ ಬಂತು. ಅತ್ತೆ ನನಗೂ ಕೂಸಿಗೂ ನೀರು ಹಾಕಿದರು. ನೀರು ಕಾದಿಲ್ಲ, ಎಣ್ಣೆ ಸಾಲದು ಎಂದು ಅವ್ವ ಹಾಸಿಗೆಯಿಂದಲೇ ತಪ್ಪು ಹುಡುಕಿದಳು. ಮರುದಿನ ಎದ್ದಳು.

ಮಗಳು ಈಗ ಗೋಡೆ ಹಿಡಿದು ನಡೆಯುತ್ತಾಳೆ. ಅವಳ ಸೂಜಿಗಳಿಗೆಲ್ಲ ನಾನೇ ಕರೆದೊಯ್ಯುತ್ತೇನೆ, ಪ್ರತಿ ಸಲವೂ ಹೆದರುತ್ತಲೇ. ಅವ್ವನಿಗೆ ಏನೂ ಆಗಿಲ್ಲ, ಇನ್ನು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ತವರಿಗೆ ಹೋದಾಗಲೆಲ್ಲ, ಅವ್ವ ಹೊಲದಿಂದ ಬಂದು ನೀರಿನ ತಂಬಿಗೆ ಎತ್ತಿದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಆಕೆಯ ಗಂಟಲನ್ನೇ ನೋಡುತ್ತೇನೆ. ಆಕೆಗೆ ಅದು ಗೊತ್ತು. ಗಟಗಟ ಕುಡಿದು, ಬರಿದಾದ ತಂಬಿಗೆಯನ್ನು ನನ್ನ ಮುಂದೆ ಬೋರಲು ಹಿಡಿದು ತೋರಿಸುತ್ತಾಳೆ.