ಆರು ಮೊಳದ ಪಟ್ಟಿ, ಇಪ್ಪತ್ತನಾಲ್ಕು ದಿನದ ಕಡಲು

ಕೊಲಂಬೊ ಬಿಟ್ಟು ನಾಲ್ಕನೆಯ ದಿನ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಡಗಿನ ಮೇಲಟ್ಟದ ಹಲಗೆಗಳು ಅಲೆಗೆ ತೊಯ್ದು ಜಾರುತ್ತಿವೆ. ಮಕ್ಕಳ ಕೋಣೆಯಲ್ಲಿ ಆಯಾ ರಾಜಾತಿ ಮಂಡಿಯೂರಿ ಕೂತು ಮೂರು ವರ್ಷದ ರಾಬಿನ್‌ಗೆ ಕೋಟು ತೊಡಿಸುತ್ತಿದ್ದಾಳೆ. ಅದಕ್ಕೂ ಮೊದಲು ಇನ್ನೊಂದು ಕೆಲಸ. ಕೆಂಪು ಬಟ್ಟೆಯ ಪಟ್ಟಿಯೊಂದನ್ನು ಮಗುವಿನ ಸೊಂಟಕ್ಕೆ ಸುತ್ತಿ ಗಂಟು ಹಾಕುತ್ತಾಳೆ. ಕೋಟಿನ ಹಿಂದಿನ ಸೀಳಿನಿಂದ ಅದರ ತುದಿಯನ್ನು ಹೊರಗೆಳೆದು, ತನ್ನ ಸೆರಗಿನ ಮರೆಯಲ್ಲಿ ಸೊಂಟಕ್ಕೆ ಬಿಗಿದುಕೊಳ್ಳುತ್ತಾಳೆ. ಆಮೇಲೆ ಪಕ್ಕದ ಕೋಣೆಯ ಕಡೆ ಕಿವಿಗೊಡುತ್ತಾಳೆ. ದೊರೆಸಾನಿ ಇನ್ನೂ ಎದ್ದಿಲ್ಲ.

ಎದ್ದು ನೋಡಿದರೆ ರಾಜಾತಿಯ ಕೆಲಸ ಏಡನ್ ಬಂದರಿನಲ್ಲಿ ಮುಗಿಯುತ್ತದೆ. ಮೊನ್ನೆ ಈ ಪಟ್ಟಿಯನ್ನು ಕಂಡು ಮೇಲಟ್ಟದ ಕ್ಯಾನ್ವಾಸು ಕುರ್ಚಿಗಳಲ್ಲಿ ಒರಗಿದ್ದ ಹೆಂಗಸರು ನಕ್ಕಿದ್ದರು. ಏರ್ಕಾಡಿನ ಕಾಫಿ ತೋಟದ ಹಾರ್ಟ್ಲಿ ದೊರೆಸಾನಿಯ ಮುಖ ಕೆಂಪಾಗಿತ್ತು. "ನನ್ನ ಮಗ ನಾಯಿಯೆ? ಇನ್ನೊಮ್ಮೆ ಕಟ್ಟಿದರೆ ಏಡನ್ನಿನಲ್ಲಿ ನಿನ್ನನ್ನು ಇಳಿಸಿ ವಾಪಸು ಹಡಗು ಹತ್ತಿಸುತ್ತೇನೆ. ಚೀಟಿಯೂ ಇಲ್ಲ" ಎಂದು ತನ್ನ ಮುರುಕು ತಮಿಳಿನಲ್ಲಿ ಹೇಳಿದ್ದಳು. ಚೀಟಿ ಎಂದರೆ ನಡತೆಯ ಬಗ್ಗೆ ದೊರೆಗಳು ಬರೆದುಕೊಡುವ ಕಾಗದ. ಅದಿಲ್ಲದ ಆಯಾಳನ್ನು ಏರ್ಕಾಡಿನ ಯಾವ ಬಂಗಲೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆದರೂ ಕಟ್ಟುತ್ತಾಳೆ. ರಾಜಾತಿ ತಮಿಳು ನೆಲದ ಎಡಪ್ಪಾಡಿಯಲ್ಲಿ ಕನ್ನಡವಾಡುವ ನೇಕಾರರ ಮನೆಯವಳು. ಮಗ್ಗದ ಮುಂದೆ ನೆಲದಲ್ಲಿ ಸೊಂಟದಾಳದ ಗುಣಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವುದು. ಹೀಗಾಗಿ ಆ ಮನೆಗಳಲ್ಲಿ ಮಗು ತೆವಳಲು ಕಲಿತ ದಿನವೇ ಅದರ ಸೊಂಟಕ್ಕೆ ಪಟ್ಟಿ ಬೀಳುತ್ತದೆ, ಇನ್ನೊಂದು ತುದಿ ಕಂಬಕ್ಕೆ. ಎಳೆದಷ್ಟೂ ಬಿಗಿಯುವ, ಹೆಬ್ಬೆರಳಿನಿಂದ ಒತ್ತಿದರೆ ಬಿಚ್ಚುವ ನೇಕಾರರ ಗಂಟು ಅದು.

"ಮಗ್ಗದ್ ಗುಣೀನೂ ಒಂದೇ, ಕಡ್ಲೂ ಒಂದೇ. ಬಿದ್ದ್ಮೇಲೆ ಕೂಗಿ ಏನ್ ಪ್ರಯೋಜ್ನ?" ಎನ್ನುತ್ತಾಳೆ ರಾಜಾತಿ. "ನಮ್ ಶಾರದನ್ನ ಒಂದಿನ ಕಟ್ಲಿಲ್ಲ. ಒಂದೇ ದಿನ."

ಮಗಳು ಶಾರದಳಿಗೆ ಈಗ ಹದಿನೇಳು. ಎಡಗಾಲು ಎಳೆದುಕೊಂಡು ನಡೆಯುತ್ತಾಳೆ. ಎಡಪ್ಪಾಡಿಯಲ್ಲಿ ಅಜ್ಜಿಯ ಜೊತೆ ಕೂತು ನೂಲು ಸುತ್ತುತ್ತಾಳೆ. ಗಂಡ ಕುಪ್ಪಸ್ವಾಮಿ ೧೯೩೧ರಲ್ಲಿ ಕಾಲರಾಕ್ಕೆ ಬಲಿಯಾದ. ಮಗ್ಗದಲ್ಲಿ ಅವನು ಬಿಟ್ಟುಹೋದ ಅರೆ ಸೀರೆಯ ಅಂಚೇ ಈ ಆರು ಮೊಳದ ಪಟ್ಟಿ. ಆಮೇಲೆ ರಾಜಾತಿ ತಲೆಯ ಮೇಲೆ ಟವೆಲಿನ ಗಂಟು ಹೊತ್ತು ಏರ್ಕಾಡು ಬೆಟ್ಟ ಹತ್ತಿದಳು. ಟವೆಲು ಮಾರಲು ಹೋದ ಬಂಗಲೆಯಲ್ಲಿ ಅಳುತ್ತಿದ್ದ ಕೂಸೊಂದನ್ನು ಎತ್ತಿಕೊಂಡು ಸುಮ್ಮನಾಗಿಸಿದಳು. ಅಲ್ಲೇ ಕೆಲಸ ಸಿಕ್ಕಿತು. ಅಲ್ಲಿಂದೀಚೆಗೆ ದೊರೆಗಳ ಮಕ್ಕಳ ಜೊತೆ ಮೂರು ಸಲ ಕಡಲಾಚೆಯ ಅವರ ಸೀಮೆಗೆ ಹೋಗಿ ಬಂದಿದ್ದಾಳೆ. ಇದು ನಾಲ್ಕನೆಯದು. ಒಂದು ದಾರಿಗೆ ಇಪ್ಪತ್ತನಾಲ್ಕು ದಿನ.

ಆ ದಿನಗಳನ್ನು ಕಳೆಯುವುದೇ ಮೇಲಿನವರಿಗೆ ದೊಡ್ಡ ಪಾಡು. ಹನ್ನೊಂದಕ್ಕೆ ಸೂಪು, ಮಧ್ಯಾಹ್ನ ನಿದ್ದೆ, ಕಾದಂಬರಿ, ಹಗ್ಗದ ಬಳೆ ಎಸೆಯುವ ಆಟ, ಹಡಗು ಇವತ್ತು ಎಷ್ಟು ಮೈಲಿ ಓಡಿತೆಂದು ಪಂಥ. ರಾಜಾತಿಗೆ ದಿನ ಸಾಲುವುದಿಲ್ಲ. ಉಪ್ಪುನೀರಿನಲ್ಲಿ ನೊರೆಯೇ ಬಾರದ ಸೋಪಿನಿಂದ ಹನ್ನೊಂದು ಪುಟ್ಟ ಬಟ್ಟೆ, ಐದು ಸಲ ಹಾಲು, ಅಟ್ಟದ ಸುತ್ತ ಹದಿನೆಂಟು ಸುತ್ತು. ಒಂದೊಂದು ಸುತ್ತಿಗೂ ನೂರ ತೊಂಬತ್ತು ಹೆಜ್ಜೆ. ಮಲಗುವುದು ಮಗುವಿನ ಮಂಚದ ಕೆಳಗೆ.

"ಕಡ್ಲು ಎಂಗೈತೆ ಅಂತ ಊರ್ನಾಗೆ ಕೇಳ್ತಾರೆ. ನಾನೆಲ್ ನೋಡ್ದೆ? ಮಗೀನ್ ಬೆನ್ನ ನೋಡ್ಕೊಂಡೇ ಓಗಿದ್ದು, ಬಂದಿದ್ದು."

ಹಡಗಿನಲ್ಲಿ ಅವಳ ಮನೆಮಾತು ಕನ್ನಡ ತಿಳಿಯುವವನು ಒಬ್ಬನೇ. ಕಂಬೈನಲ್ಲೂರಿನ ಒಕ್ಕಲು ಮನೆಯ ಮುನುಸ್ವಾಮಿ, ಇನ್ನೊಬ್ಬ ತೋಟದ ದೊರೆಯ ಅಡಿಗೆಯವನು. ಹಾಲಿನ ಲೋಟ ತಂದವನ ಕಣ್ಣು ಸೆರಗಿನ ಮರೆಯ ಪಟ್ಟಿಯ ಮೇಲೆ ಬೀಳುತ್ತದೆ.

"ಏನಕ್ಕಾ, ದೊರೆ ಮಗನ್ನ ಆಡ್ಮರಿ ಕಟ್ದಂಗ್ ಕಟ್ಟಿದ್ದೀಯ! ಕಾರಿಮಂಗಲಂ ಸಂತೆಗಾ?"

"ಮೆಲ್ಲಗ್ ಮಾತಾಡ್ಲಾ. ನಿನ್ ಬಾಯ್ಗೂ ಒಂದ್ ಗಂಟಾಕ್ಬಿಟ್ಟೇನು."

"ತುಂಡಾದ್ರೆ?"

"ನಮ್ಮೋರ್ ನೇಯ್ದಿದ್ದು. ನಿಮ್ಮೂರ್ ಎತ್ತೆರಡು ಎಳುದ್ರೂ ತುಂಡಾಗಕಿಲ್ಲ, ಪೋ."

ಸಂಜೆ ನಾಲ್ಕರ ಟೀ ಹೊತ್ತು. ಗಾಳಿ ಸ್ವಲ್ಪ ತಗ್ಗಿದೆಯೆಂದು ಆಟ ಶುರುವಾಗಿದೆ. ಹಗ್ಗದ ಬಳೆಯೊಂದು ಗುರಿ ತಪ್ಪಿ ಅಂಚಿನತ್ತ ಉರುಳುತ್ತದೆ. ರಾಬಿನ್ ಅದರ ಹಿಂದೆ ಓಡುತ್ತಾನೆ. ಅದೇ ಗಳಿಗೆಗೆ ಹಡಗು ಒಂದು ಪಕ್ಕಕ್ಕೆ ವಾಲುತ್ತದೆ. ಒದ್ದೆ ಹಲಗೆಯ ಮೇಲೆ ಮಗು ಕೂತ ಹಾಗೇ ಜಾರಿ, ಅಂಚಿನ ಕೆಳಗಿನ ಕಂಬಿಯ ಅಡಿಯಿಂದ ಆಚೆ ಹೋಗುತ್ತದೆ.

ಪಟ್ಟಿ ಬಿಗಿಯುತ್ತದೆ. ರಾಜಾತಿ ಮುಗ್ಗರಿಸಿ ಬಿದ್ದು, ಒದ್ದೆ ಹಲಗೆಯ ಮೇಲೆ ಅಂಚಿನವರೆಗೂ ಜಾರಿ, ಕಂಬಿಗೆ ಭುಜ ಬಡಿದು ನಿಲ್ಲುತ್ತಾಳೆ. ಕೂಗುವುದಿಲ್ಲ. ಪಾದ ಕಂಬಿಗೆ ಒತ್ತಿ, ಎರಡೂ ಕೈಯಿಂದ ಪಟ್ಟಿಯನ್ನು ಗೇಣು ಗೇಣಾಗಿ ಎಳೆಯುತ್ತಾಳೆ. ಮೊದಲು ಕೋಟು ಕಾಣುತ್ತದೆ, ಆಮೇಲೆ ಕೂದಲು. ಅಷ್ಟರಲ್ಲಿ ಬೇರೆ ಕೈಗಳು ಬರುತ್ತವೆ. ಕೆಂಪು ಪಟ್ಟಿ ಈಗ ಎಲ್ಲರ ಕಣ್ಣೆದುರಿಗೇ ಇದೆ. ದೊರೆಸಾನಿ ಮಗುವನ್ನು ಕಿತ್ತುಕೊಂಡು, ಪಟ್ಟಿಯನ್ನೊಮ್ಮೆ ರಾಜಾತಿಯನ್ನೊಮ್ಮೆ ನೋಡಿ, ಮಾತಿಲ್ಲದೆ ಕೋಣೆಗೆ ಹೋಗುತ್ತಾಳೆ.

ಮರುದಿನವೂ ಮಾತಿಲ್ಲ. ಅದರ ಮರುದಿನವೂ ಇಲ್ಲ. ಮಗು ಅಮ್ಮನ ಕೋಣೆಯಲ್ಲೇ ಇದೆ. ರಾಜಾತಿಯ ಸೊಂಟದ ಸುತ್ತ ನೀಲಿ ಬರೆ ಎದ್ದಿದೆ.

"ಏನಾರ ಏಳಿದ್ರಾ ಅಕ್ಕಾ?" ಮುನುಸ್ವಾಮಿ ಕೇಳುತ್ತಾನೆ.

"ಇಲ್ಲ ಕಣ್ಲಾ. ಬೈದಿದ್ರೆ ನೆಮ್ದಿಯಾಗಿರ್ತಿತ್ತು."

ಏಳನೆಯ ಬೆಳಿಗ್ಗೆ ಏಡನ್ನಿನ ಬೋಳು ಗುಡ್ಡಗಳು ಕಾಣುತ್ತವೆ. ರಾಜಾತಿ ತಗಡಿನ ಪೆಟ್ಟಿಗೆಯಲ್ಲಿ ಎರಡು ಸೀರೆ, ಮೂರು ಹಳೆಯ ಚೀಟಿ ಇಟ್ಟು ಬೀಗ ಹಾಕುತ್ತಾಳೆ. ವ್ಯಾಪಾರದ ದೋಣಿಗಳು ಹಡಗಿನ ಪಕ್ಕಕ್ಕೆ ಬಂದು, ಸಾಮಾನಿನ ಬುಟ್ಟಿಗಳು ಹಗ್ಗದಲ್ಲಿ ಮೇಲೇರುತ್ತಿವೆ. "ಆಯಾ!" ಎಂದು ಕರೆ ಬರುತ್ತದೆ. ಪೆಟ್ಟಿಗೆ ಹಿಡಿದುಕೊಂಡೇ ಹೋಗುತ್ತಾಳೆ.

ದೊರೆಸಾನಿಯ ಕೈಯಲ್ಲಿ ಈಗಷ್ಟೇ ಬುಟ್ಟಿಯಿಂದ ಎತ್ತಿಕೊಂಡ ಕಂದು ತೊಗಲಿನ ಪಟ್ಟಿ, ಅದಕ್ಕೆ ಹಿತ್ತಾಳೆಯ ಕೊಂಡಿ. "ಇನ್ನು ಮೇಲೆ ಇದರಲ್ಲಿ ಕಟ್ಟು. ಆ ಪೆಟ್ಟಿಗೆ ಯಾಕೆ ತಂದೆ?" ಎನ್ನುತ್ತಾಳೆ. ಅಷ್ಟೇ. ಮಧ್ಯಾಹ್ನದೊಳಗೆ ಇನ್ನಿಬ್ಬರು ತಾಯಂದಿರು ಅಂಥದೇ ಪಟ್ಟಿ ಕೊಳ್ಳುತ್ತಾರೆ. ಕ್ಯಾನ್ವಾಸು ಕುರ್ಚಿಗಳಲ್ಲಿ ಹಾರ್ಟ್ಲಿ ದೊರೆಸಾನಿಯ ಮುಂದಾಲೋಚನೆಯದೇ ಮಾತು.

ಮರುದಿನ ಬೆಳಿಗ್ಗೆ ಕೆಂಪು ಸಮುದ್ರ. ರಾಜಾತಿ ಮತ್ತೆ ಮಂಡಿಯೂರಿದ್ದಾಳೆ. ಕೋಟಿನ ಮೇಲೆ ತೊಗಲು ಮಿನುಗುತ್ತಿದೆ. ಕೋಟಿನ ಒಳಗೆ ಅವಳ ಬೆರಳುಗಳು ಹಳೆಯ ಗಂಟನ್ನೇ ಹಾಕುತ್ತಿವೆ. ಬಾಗಿಲಲ್ಲಿ ನಿಂತ ಮುನುಸ್ವಾಮಿ, "ತೊಗ್ಲೇ ಐತಲ್ಲಕ್ಕಾ, ಇದಿನ್ಯಾಕೆ?" ಎನ್ನುತ್ತಾನೆ.

ಅವಳು ಗಂಟನ್ನು ಎರಡು ಸಲ ಜಗ್ಗಿ ನೋಡುತ್ತಾಳೆ.

"ತೊಗ್ಲು ದೊರೆಸಾನಿ ಮರ್ವಾದೆಗೆ ಕಣ್ಲಾ. ಬಟ್ಟೆ ಮಗೀಗೆ."